ಬಿಸಿಲಿನ ಜೀವಸತ್ವವೂ ಬಿಗಿದ ನಾಳಗಳೂ

ವೈದ್ಯರ ಚೀಟಿಯಲ್ಲಿ ರಕ್ತದೊತ್ತಡ 150ರ ಮೇಲೆ 96 ಎಂದು ಬರೆದಿರುತ್ತದೆ. ಪ್ರಯೋಗಶಾಲೆಯಿಂದ ಬಂದ ವರದಿಯಲ್ಲಿ ಜೀವಸತ್ವ ‘ಡಿ’ 14 ಎಂದು ದಪ್ಪ ಅಕ್ಷರಗಳಲ್ಲಿ ಅಚ್ಚಾಗಿರುತ್ತದೆ; ಅದು 20ಕ್ಕಿಂತ ಕೆಳಗಿದ್ದರೆ ಕೊರತೆಯೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಎರಡು ಕಾಗದಗಳನ್ನೂ ಪಕ್ಕಪಕ್ಕದಲ್ಲಿ ಹರಡಿಕೊಂಡು ಕುಳಿತ ಗೃಹಸ್ಥರಿಗೆ ಒಂದು ಸುಲಭವಾದ ಲೆಕ್ಕ ಹೊಳೆಯುತ್ತದೆ: ಬಿಸಿಲಿನ ಜೀವಸತ್ವ ಕಡಮೆಯಾದುದರಿಂದಲೇ ಒತ್ತಡ ಏರಿದೆ, ಅದನ್ನು ತುಂಬಿಕೊಟ್ಟರೆ ಒತ್ತಡ ತಾನಾಗಿಯೇ ಇಳಿಯಬೇಕು, ಹಾಗಿರುವಾಗ ಆಯುಷ್ಯವಿಡೀ ಒತ್ತಡದ ಮಾತ್ರೆ ನುಂಗುವ ಕಾಟವೇಕೆ?

ಈ ಲೆಕ್ಕವನ್ನು ಕೇಳಿ ನಗಬೇಕಾದುದೇನೂ ಇಲ್ಲ. ಪ್ರಪಂಚದ ದೊಡ್ಡ ಸಂಶೋಧನಾಲಯಗಳೇ ಇದೇ ದಾರಿಯಲ್ಲಿ ಬಹುದೂರ ನಡೆದುಹೋದುವು. ಅವು ಕೊನೆಗೆ ಎಲ್ಲಿಗೆ ತಲಪಿದುವೆಂಬುದನ್ನು ತಿಳಿಯಬೇಕಾದರೆ ರಕ್ತನಾಳದ ಒಳಮೈಯ ಪರಿಚಯ ಮೊದಲು ಆಗಬೇಕು.

ಧಮನಿಯೆಂದರೆ ನಲ್ಲಿಯ ನೀರು ಹರಿಯುವ ಕೊಳವೆಯಂಥ ಜಡವಸ್ತು ಎಂಬ ಕಲ್ಪನೆ ಜನರಲ್ಲಿ ಇಂದಿಗೂ ಇದೆ. ಅದರ ಗೋಡೆಯಲ್ಲಿ ಸ್ನಾಯುಗಳಿವೆ, ಅವು ಬಿಗಿದುಕೊಂಡರೆ ದಾರಿ ಕಿರಿದಾಗಿ ಒತ್ತಡ ಏರುತ್ತದೆ, ಸಡಿಲಿದರೆ ಇಳಿಯುತ್ತದೆ ಎಂಬುದು ವೈದ್ಯರಿಗೆ ಹಿಂದಿನಿಂದಲೂ ತಿಳಿದಿತ್ತು. ಆದರೆ ರಕ್ತಕ್ಕೆ ನೇರವಾಗಿ ತಾಗಿಕೊಂಡಿರುವ, ಒಂದೇ ಒಂದು ಜೀವಕೋಶದಷ್ಟು ದಪ್ಪವಿರುವ ಒಳಪದರವನ್ನು ಅವರೂ ಗೋಡೆಗೆ ಬಳಿದ ಸುಣ್ಣದಷ್ಟೇ ಎಂದು ಎಣಿಸಿದ್ದರು. ನ್ಯೂಯಾರ್ಕಿನ ವಿಜ್ಞಾನಿ ರಾಬರ್ಟ್ ಫರ್ಚ್‌ಗಾಟ್ ಈ ಉದಾಸೀನವನ್ನು ಮುರಿದರು. ಮೊಲದ ಮಹಾಧಮನಿಯ ತುಂಡಿಗೆ ಅಸಿಟೈಲ್‌ಕೋಲೀನ್ ಎಂಬ ದ್ರವ್ಯವನ್ನು ಸೋಕಿಸಿದರೆ ಒಮ್ಮೆ ಅದು ಸಂಕುಚಿಸುತ್ತಿತ್ತು, ಮತ್ತೊಮ್ಮೆ ಸಡಿಲುತ್ತಿತ್ತು. ಒಂದೇ ದ್ರವ್ಯ, ಎರಡು ವಿರುದ್ಧ ಫಲ! ಕೂಲಂಕಷವಾಗಿ ಪರಿಶೀಲಿಸಿದಾಗ ಗುಟ್ಟು ಬಯಲಾಯಿತು. ತುಂಡನ್ನು ಸಿದ್ಧಪಡಿಸುವಾಗ ಒಳಮೈ ಉಜ್ಜಿಹೋಗಿದ್ದರೆ ಅದು ಸಡಿಲುತ್ತಿರಲಿಲ್ಲ. ಒಳಪದರ ಹಾಳಾಗದೆ ಉಳಿದಿದ್ದರೆ ಮಾತ್ರ ಸಡಿಲುತ್ತಿತ್ತು. 1980ರಲ್ಲಿ ಈ ಸಂಗತಿ ಪ್ರಕಟವಾಯಿತು. ಒಳಪದರದಿಂದ ಹೊರಟು ಸ್ನಾಯುವಿಗೆ ‘ಸಡಿಲು’ ಎಂದು ಹೇಳುವ ಆ ದೂತ ನೈಟ್ರಿಕ್ ಆಕ್ಸೈಡ್ ಎಂಬ ಅತಿ ಸರಳವಾದ ಅನಿಲವೆಂದು ಅನಂತರ ಸಿದ್ಧವಾಯಿತು. 1998ರಲ್ಲಿ ಫರ್ಚ್‌ಗಾಟ್, ಇಗ್ನಾರೊ, ಮುರಾಡ್ ಈ ಮೂವರಿಗೂ ನೊಬೆಲ್ ಪಾರಿತೋಷಕ ಸಂದಿತು. ಇಲ್ಲೊಂದು ಸ್ವಾರಸ್ಯವುಂಟು. ನೈಟ್ರೊಗ್ಲಿಸರೀನಿನಿಂದ ಡೈನಮೈಟ್ ತಯಾರಿಸಿ ಐಶ್ವರ್ಯ ಗಳಿಸಿದ ಆಲ್ಫ್ರೆಡ್ ನೊಬೆಲ್‌ಗೆ ಜೀವಿತದ ಕೊನೆಯಲ್ಲಿ ಹೃದಯರೋಗ ತಗಲಿದಾಗ ವೈದ್ಯರು ಸೂಚಿಸಿದ ಔಷಧ ಆ ನೈಟ್ರೊಗ್ಲಿಸರೀನೇ; ಅದು ಕೆಲಸಮಾಡುವುದೂ ನೈಟ್ರಿಕ್ ಆಕ್ಸೈಡನ್ನು ಒದಗಿಸುವುದರ ಮೂಲಕವೇ.

ರಕ್ತದೊತ್ತಡವುಳ್ಳವರಲ್ಲಿ ಈ ಒಳಪದರ ತನ್ನ ಕೆಲಸವನ್ನು ಸರಿಯಾಗಿ ನಡೆಸುವುದಿಲ್ಲ. ಸಡಿಲಿಸುವ ಅನಿಲ ಕಡಮೆ ಹುಟ್ಟುತ್ತದೆ, ಅಥವಾ ಹುಟ್ಟಿದುದು ಬೇಗನೆ ನಾಶವಾಗುತ್ತದೆ. ಬಿಗಿಯುವ ದ್ರವ್ಯಗಳ ಕೈ ಮೇಲಾಗುತ್ತದೆ. ಇದನ್ನು ನೋವಿಲ್ಲದೆ ಅಳೆಯುವ ವಿಧಾನವನ್ನು 1992ರಲ್ಲಿ ಲಂಡನ್ನಿನ ವೈದ್ಯರು ಪ್ರಕಟಿಸಿದರು. ತೋಳಿಗೆ ಪಟ್ಟಿ ಬಿಗಿದು ಸುಮಾರು ಐದು ನಿಮಿಷ ರಕ್ತದ ಹರಿವನ್ನು ತಡೆಹಿಡಿದು ಬಿಟ್ಟರೆ ರಕ್ತ ರಭಸದಿಂದ ನುಗ್ಗುತ್ತದೆ. ಆಗ ಆರೋಗ್ಯವಂತ ಧಮನಿ ಹಿಗ್ಗಿ ದಾರಿಮಾಡಿಕೊಡುತ್ತದೆ. ಶ್ರವಣಾತೀತ ತರಂಗಗಳ ಯಂತ್ರದಿಂದ ಆ ಹಿಗ್ಗುವಿಕೆಯನ್ನು ಅಳೆಯಬಹುದು. ಒಳಪದರ ಕೆಟ್ಟಿದ್ದರೆ ಧಮನಿ ಹಿಗ್ಗುವುದು ಅಲ್ಪ.

ಇನ್ನು ಜೀವಸತ್ವದ ಕಡೆಗೆ. ಮಕ್ಕಳ ಕಾಲುಗಳನ್ನು ಬಿಲ್ಲಿನಂತೆ ಬಗ್ಗಿಸುವ ರಿಕೆಟ್ಸ್ ರೋಗವು ದೀಪದ ನೇರಳಾತೀತ ಕಿರಣಗಳಿಂದ ವಾಸಿಯಾಗುವುದೆಂದು 1919ರಲ್ಲಿ ಬರ್ಲಿನ್ನಿನ ಕುರ್ಟ್ ಹುಲ್ಡ್‌ಶಿನ್ಸ್‌ಕಿ ತೋರಿಸಿದರು. ಮೀನೆಣ್ಣೆಯಲ್ಲಿರುವ, ಅದೇ ರೋಗವನ್ನು ಗುಣಪಡಿಸುವ ಅಂಶವನ್ನು 1922ರಲ್ಲಿ ಅಮೆರಿಕದ ಮೆಕಾಲಮ್ ಗುರುತಿಸಿದರು. ಎ, ಬಿ, ಸಿ ಅಕ್ಷರಗಳು ಆಗಲೇ ಮುಗಿದಿದ್ದುದರಿಂದ ಇದಕ್ಕೆ ‘ಡಿ’ ದಕ್ಕಿತು. ನಿಜವಾಗಿ ನೋಡಿದರೆ ಇದನ್ನು ಜೀವಸತ್ವವೆನ್ನುವುದಕ್ಕಿಂತ ಹಾರ್ಮೋನಿನ ಕಚ್ಚಾಸಾಮಗ್ರಿ ಎನ್ನುವುದೇ ಯುಕ್ತ. ಚರ್ಮ ಬಿಸಿಲಿನಲ್ಲಿ ಅದನ್ನು ತಯಾರಿಸುತ್ತದೆ, ಪಿತ್ತಜನಕಾಂಗ ಅರ್ಧ ಹದಮಾಡುತ್ತದೆ, ಮೂತ್ರಪಿಂಡ ಪೂರ್ತಿ ಹದಗೊಳಿಸುತ್ತದೆ. ಹೀಗೆ ಸಿದ್ಧವಾದ ಹಾರ್ಮೋನನ್ನು ಬರಮಾಡಿಕೊಳ್ಳುವ ಗ್ರಾಹಿಗಳು ಮೂಳೆ, ಕರುಳುಗಳಲ್ಲಿ ಮಾತ್ರವಲ್ಲದೆ ರಕ್ತನಾಳದ ಒಳಪದರದಲ್ಲಿಯೂ ಸ್ನಾಯುವಿನಲ್ಲಿಯೂ ಕಂಡುಬಂದಾಗ ಸಂಶೋಧಕರ ಕುತೂಹಲ ಕೆರಳಿತು.

ಸಾಕ್ಷ್ಯಗಳು ಒಂದರ ಹಿಂದೊಂದು ಬಂದುವು. 1998ರಲ್ಲಿ ಬರ್ಲಿನ್ನಿನಲ್ಲಿ ಸ್ವಲ್ಪ ರಕ್ತದೊತ್ತಡವಿದ್ದ 18 ಜನರಿಗೆ ವಾರಕ್ಕೆ ಮೂರು ಸಲ ಆರು ವಾರಗಳ ಕಾಲ ನೇರಳಾತೀತ ಕಿರಣಗಳನ್ನು ಹಾಯಿಸಿದರು. ಜೀವಸತ್ವವನ್ನು ಹುಟ್ಟಿಸುವ ‘ಬಿ’ ಜಾತಿಯ ಕಿರಣ ಪಡೆದವರ ಒತ್ತಡ ಸುಮಾರು 6 ಮಿಲಿಮೀಟರಿನಷ್ಟು ಇಳಿಯಿತು. ‘ಎ’ ಜಾತಿಯ ಕಿರಣ ಪಡೆದವರದು ಇಳಿಯಲಿಲ್ಲ. 2002ರಲ್ಲಿ, ಈ ಹಾರ್ಮೋನಿನ ಗ್ರಾಹಿಯೇ ಇಲ್ಲದಂತೆ ಬೆಳೆಸಿದ ಇಲಿಗಳಲ್ಲಿ ರೆನಿನ್ ಎಂಬ, ಒತ್ತಡವನ್ನು ಏರಿಸುವ ದ್ರವ್ಯ ಮಿತಿಮೀರಿ ಹುಟ್ಟುವುದು ಕಂಡಿತು. ಹುಟ್ಟಿನಿಂದಲೇ ರಕ್ತದೊತ್ತಡಕ್ಕೆ ಗುರಿಯಾಗುವ ಇಲಿಗಳ ತಳಿಯೊಂದನ್ನು ಜಪಾನಿನ ಕ್ಯೋಟೊದಲ್ಲಿ 1963ರಲ್ಲಿ ರೂಪಿಸಿದ್ದರು. ಆ ತಳಿಯ ಇಲಿಗಳ ಧಮನಿಯ ಉಂಗುರಗಳನ್ನು ಈ ಹಾರ್ಮೋನಿನಲ್ಲಿ ಅದ್ದಿದಾಗ ಒಳಪದರದಿಂದ ಉಂಟಾಗುವ ಬಿಗಿತ ತಗ್ಗಿತೆಂದು 2008ರಲ್ಲಿ ಹಾಂಗ್‌ಕಾಂಗಿನಿಂದ ವರದಿ ಬಂತು. ಜೀವಸತ್ವ ಕಡಮೆಯಿದ್ದವರಲ್ಲಿ ಮುಂದೆ ರಕ್ತದೊತ್ತಡ ಬರುವುದು ಹೆಚ್ಚೆಂದು ಜನಸಮೂಹಗಳ ಅಧ್ಯಯನಗಳೂ ಹೇಳಿದುವು. ಇಷ್ಟು ಸಾಲದೆ? ಗೃಹಸ್ಥರ ಲೆಕ್ಕ ಸರಿಯೆಂದೇ ತೋರಿತು.

ಆದರೆ ಇಲಿಯ ಧಮನಿ ಬೇರೆ, ಮನುಷ್ಯನ ಬಾಳು ಬೇರೆ. ರಕ್ತದಲ್ಲಿ ಜೀವಸತ್ವ ಕಡಮೆಯಿರುವವರು ಯಾರು? ಹೊರಗೆ ಓಡಾಡದವರು, ಮೈ ಬೆಳೆದವರು, ದೀರ್ಘಕಾಲ ಕಾಯಿಲೆಯಿಂದ ನರಳಿದವರು. ಇವೇ ಕಾರಣಗಳು ಒತ್ತಡವನ್ನೂ ಏರಿಸುತ್ತವೆ. ಹಾಗಾದರೆ ಕೊರತೆ ರೋಗದ ಕಾರಣವೋ, ಕೇವಲ ಅದರ ಜೊತೆಗಾರನೋ? ಇದನ್ನು ತೀರ್ಮಾನಿಸಲು ಇರುವುದು ಒಂದೇ ಮಾರ್ಗ: ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಪಂಗಡಮಾಡಿ, ಒಂದಕ್ಕೆ ಜೀವಸತ್ವವನ್ನೂ ಇನ್ನೊಂದಕ್ಕೆ ಹುಸಿಮಾತ್ರೆಯನ್ನೋ ಅಲ್ಪಪ್ರಮಾಣವನ್ನೋ ಕೊಟ್ಟು ಕಾದುನೋಡುವುದು.

ಸ್ಕಾಟ್ಲೆಂಡಿನಲ್ಲಿ ಎಪ್ಪತ್ತು ದಾಟಿದ, ರಕ್ತದೊತ್ತಡವುಳ್ಳ 159 ಮಂದಿಯ ಮೇಲೆ ಇಂಥ ಪರೀಕ್ಷೆ ನಡೆದು 2013ರಲ್ಲಿ ಪ್ರಕಟವಾಯಿತು. ಮೂರು ತಿಂಗಳಿಗೊಮ್ಮೆ 1,00,000 ಯೂನಿಟ್ಟಿನಂತೆ ಒಂದು ವರ್ಷ ಕೊಟ್ಟರು. ಒತ್ತಡವೂ ಇಳಿಯಲಿಲ್ಲ, ತೋಳಿನ ಧಮನಿಯ ಹಿಗ್ಗುವಿಕೆಯೂ ಸುಧಾರಿಸಲಿಲ್ಲ. ಅಮೆರಿಕದಲ್ಲಿ 534 ಜನರಲ್ಲಿ ದಿನಕ್ಕೆ 4,000 ಯೂನಿಟ್ಟನ್ನು 400 ಯೂನಿಟ್ಟಿನೊಂದಿಗೆ ಆರು ತಿಂಗಳು ಹೋಲಿಸಿದ ಪರೀಕ್ಷೆ 2015ರಲ್ಲಿ ಹೊರಬಂತು; ಅಲ್ಲಿಯೂ ವ್ಯತ್ಯಾಸ ಕಾಣಲಿಲ್ಲ. ಅದೇ ವರ್ಷ 46 ಪರೀಕ್ಷೆಗಳನ್ನು ಒಟ್ಟುಗೂಡಿಸಿ ತೂಗಿದಾಗಲೂ ತಕ್ಕಡಿ ಅಲ್ಲಾಡಲಿಲ್ಲ. 25,871 ಜನ ಭಾಗವಹಿಸಿದ, ಐದು ವರ್ಷಗಳಿಗೂ ಮಿಕ್ಕಿ ನಡೆದ ‘ವೈಟಲ್’ ಪರೀಕ್ಷೆಯ ಫಲ 2018ರಲ್ಲಿ ತಿಳಿದುಬಂದಾಗ, ದಿನಕ್ಕೆ 2,000 ಯೂನಿಟ್ ಸೇವಿಸಿದವರಿಗೆ ಹೃದಯಾಘಾತ, ಪಾರ್ಶ್ವವಾಯುಗಳಿಂದ ಹೆಚ್ಚಿನ ರಕ್ಷಣೆಯೇನೂ ದೊರೆತಿರಲಿಲ್ಲ.

ಹಾಗಾದರೆ ಬರ್ಲಿನ್ನಿನ ಬಿಸಿಲುದೀಪ ಸುಳ್ಳು ಹೇಳಿತೆ? ಹಾಗೆಂದು ಹೇಳಲಾಗದು. 18 ಜನರ ಪರೀಕ್ಷೆ ಬಹಳ ಚಿಕ್ಕದು. ಅಲ್ಲದೆ 2014ರಲ್ಲಿ ಬ್ರಿಟನ್ನಿನ ಸಂಶೋಧಕರು 24 ಮಂದಿ ಆರೋಗ್ಯವಂತರ ಮೇಲೆ ‘ಎ’ ಜಾತಿಯ ಕಿರಣವನ್ನು ಬಿಟ್ಟಾಗ, ಚರ್ಮದಲ್ಲಿ ಸಂಗ್ರಹವಾಗಿದ್ದ ದ್ರವ್ಯಗಳಿಂದ ನೈಟ್ರಿಕ್ ಆಕ್ಸೈಡ್ ಬಿಡುಗಡೆಯಾಗಿ ಒತ್ತಡ ಸ್ವಲ್ಪಕಾಲ ಸ್ವಲ್ಪಮಟ್ಟಿಗೆ ಇಳಿಯಿತು. ಜೀವಸತ್ವದ ಮಟ್ಟ ಬದಲಾಗಲೇ ಇಲ್ಲ. ಎರಡು ಪ್ರಯೋಗಗಳ ಮಾತಿಗೆ ಪರಸ್ಪರ ತಾಳೆಯಿಲ್ಲವೆಂಬುದು ನಿಜ. ಆದರೂ ಬಿಸಿಲು ನಾಳಗಳನ್ನು ಸಡಿಲಿಸುವುದಾದರೆ, ಅದು ಮಾತ್ರೆಯಲ್ಲಿ ಅಡಕವಾಗದ ಬೇರೊಂದು ಹಾದಿಯಿಂದಲೂ ಆಗಬಹುದೆಂಬ ಸೂಚನೆ ಇದರಲ್ಲಿದೆ.

ಬಿಸಿಲಿನ ನಾಡಾದ ಭಾರತದಲ್ಲಿ ಈ ಕೊರತೆ ಹೇಗೆ ಬಂತೆಂದು ಅನೇಕರು ಕೇಳುತ್ತಾರೆ. ದೆಹಲಿಯ ಆರೋಗ್ಯವಂತರಲ್ಲಿಯೇ ಅದು ವ್ಯಾಪಕವಾಗಿದೆಯೆಂದು 2000ದಲ್ಲಿ ವರದಿಯಾಯಿತು. ತಿರುಪತಿಯ ಸುತ್ತಣ ಅಧ್ಯಯನಗಳಲ್ಲಿ ಹೊಲದಲ್ಲಿ ದುಡಿಯುವವರ ಮಟ್ಟ ಪಟ್ಟಣದವರಿಗಿಂತ ಮೇಲಾಗಿತ್ತು. ಕಚೇರಿಯ ಗಾಜಿನ ಕಿಟಕಿಯ ಬಳಿ ಬಿಸಿಲು ಬಿದ್ದರೂ ಪ್ರಯೋಜನವಿಲ್ಲ. ಬೇಕಾದ ಕಿರಣವನ್ನು ಗಾಜು ತಡೆಯುತ್ತದೆ. ಸೂರ್ಯ ಕೆಳಗಿರುವಾಗ ವಾಯುಮಂಡಲವೇ ಆ ಕಿರಣವನ್ನು ಹೀರಿಬಿಡುವುದರಿಂದ ಮುಂಜಾನೆಯ ಎಳೆಬಿಸಿಲಿನಿಂದಲೂ ಅದು ದೊರೆಯುವುದು ಕಡಮೆ. ನೆರಳು ಆಳಿಗಿಂತ ಗಿಡ್ಡವಾಗಿರುವ ಹೊತ್ತೇ ಅದಕ್ಕೆ ತಕ್ಕುದು. ಕಪ್ಪು ಮೈಬಣ್ಣಕ್ಕೆ ಇನ್ನಷ್ಟು ಹೊತ್ತು ಬೇಕು. ಸಸ್ಯಾಹಾರದಲ್ಲಿ ಈ ಜೀವಸತ್ವ ಇಲ್ಲವೆನ್ನುವಷ್ಟು ಅಲ್ಪ. ಆದುದರಿಂದ ಕೊರತೆಯಿದ್ದವರು ಮೂಳೆಗಳ ಸಲುವಾಗಿ ಅದನ್ನು ತುಂಬಿಕೊಳ್ಳಲೇಬೇಕು. ಈ ಮಾತಿನಲ್ಲಿ ವೈದ್ಯರಿಗೆ ಅನುಮಾನವಿಲ್ಲ.

ಅಪಾಯವಿರುವುದು ಬೇರೆ ಕಡೆ. ಅಂಗಡಿಗಳಲ್ಲಿ ದೊರೆಯುವ 60,000 ಯೂನಿಟ್ಟಿನ ಪೊಟ್ಟಣವನ್ನು ವಾರಕ್ಕೊಂದರಂತೆ ಕೆಲವು ವಾರ ಮಾತ್ರ ಸೇವಿಸಲು ಬರೆದುಕೊಡುವುದು ವಾಡಿಕೆ. ಅದನ್ನು ದಿನಕ್ಕೊಂದೆಂದು ತಪ್ಪು ತಿಳಿದವರುಂಟು. ಮುಗಿದ ಮೇಲೂ ತಿಂಗಳುಗಟ್ಟಲೆ ಕೊಂಡು ತಂದವರುಂಟು. ಈ ಜೀವಸತ್ವ ನೀರಿನಲ್ಲಿ ಕರಗಿ ಹೊರಗೆ ಹೋಗುವಂಥದಲ್ಲ, ಕೊಬ್ಬಿನಲ್ಲಿ ಕೂಡಿಕೊಳ್ಳುವಂಥದು. ಮಿತಿಮೀರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಓಕರಿಕೆ, ಮಲಬದ್ಧತೆ, ತೀರದ ಬಾಯಾರಿಕೆ, ಮೇಲಿಂದಮೇಲೆ ಮೂತ್ರ, ಮನಸ್ಸಿನ ಮಂಕು ಇವು ತೋರುತ್ತವೆ. ಮೂತ್ರಪಿಂಡಗಳಿಗೇ ಧಕ್ಕೆ ತಗಲಬಹುದು. ರಕ್ತದೊತ್ತಡಕ್ಕಾಗಿ ಥಯಜೈಡ್ ವರ್ಗದ, ಮೂತ್ರ ಹೆಚ್ಚಿಸುವ ಮಾತ್ರೆಗಳನ್ನು ಸೇವಿಸುತ್ತಿರುವವರು ವಿಶೇಷವಾಗಿ ಎಚ್ಚರದಿಂದಿರಬೇಕು. ಹೈಡ್ರೊಕ್ಲೋರೊಥಯಜೈಡ್, ಕ್ಲೋರ್ಥಾಲಿಡೋನ್ ಆ ಜಾತಿಯವು. ಅವು ಕ್ಯಾಲ್ಸಿಯಮ್ಮನ್ನು ಮೂತ್ರದಲ್ಲಿ ಹೊರಬಿಡದೆ ಉಳಿಸಿಕೊಳ್ಳುತ್ತವೆ. ಜೀವಸತ್ವ ಅದನ್ನು ಕರುಳಿನಿಂದ ಹೆಚ್ಚು ಹೀರಿಸುತ್ತದೆ. ಹೃದಯಕ್ಕಾಗಿ ಡಿಗಾಕ್ಸಿನ್ ಸೇವಿಸುವವರಲ್ಲಿ ಏರಿದ ಕ್ಯಾಲ್ಸಿಯಂ ನಾಡಿಯ ಲಯವನ್ನೇ ಕೆಡಿಸಬಲ್ಲುದು.

ಇದಕ್ಕಿಂತಲೂ ದೊಡ್ಡ ಅಪಾಯ, ಜೀವಸತ್ವವನ್ನು ನಂಬಿ ಒತ್ತಡದ ಮಾತ್ರೆಯನ್ನು ಬಿಟ್ಟುಬಿಡುವುದು. ಏರಿದ ಒತ್ತಡ ಸಾಮಾನ್ಯವಾಗಿ ನೋಯುವುದಿಲ್ಲ, ಕೂಗುವುದಿಲ್ಲ. ಬಿಟ್ಟವರಿಗೆ ತಿಂಗಳುಗಳವರೆಗೆ ಏನೂ ಆಗಲಿಲ್ಲವೆಂದೇ ಅನ್ನಿಸುತ್ತದೆ. ಅಷ್ಟರಲ್ಲಿ ಮೆದುಳು, ಕಣ್ಣು, ಮೂತ್ರಪಿಂಡಗಳ ಸಣ್ಣ ನಾಳಗಳು ಸದ್ದಿಲ್ಲದೆ ಸವೆಯುತ್ತಿರುತ್ತವೆ.

ನಾಳದ ಒಳಪದರವನ್ನು ನಿಜವಾಗಿ ಒಲಿಸಿಕೊಳ್ಳುವ ಉಪಾಯಗಳು ಹೊಸವೇನೂ ಅಲ್ಲ. ದಿನವೂ ಚುರುಕಾಗಿ ನಡೆದರೆ ರಕ್ತದ ಹರಿವು ಏರಿ, ಆ ಹರಿವಿನ ತಿಕ್ಕಾಟವೇ ಒಳಪದರದಿಂದ ನೈಟ್ರಿಕ್ ಆಕ್ಸೈಡನ್ನು ಹೊರಡಿಸುತ್ತದೆ. ಸಿಗರೇಟಿನ ಹೊಗೆ ಅದನ್ನು ಕೊಲ್ಲುತ್ತದೆ. ದಿನಕ್ಕೆ ಒಟ್ಟು 5 ಗ್ರಾಂಗಿಂತ ಕಡಮೆ ಉಪ್ಪು ಸಾಕೆನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಸಾರಿಗೆ ಹಾಕಿದ ಉಪ್ಪಿನ ಜೊತೆಗೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳದ್ದೂ ಆ ಲೆಕ್ಕಕ್ಕೆ ಸೇರಬೇಕು.

ಪೊಟ್ಟಣಗಳನ್ನು ಸೇವಿಸುತ್ತಿರುವವರು ಮುಂದಿನ ಸಲ ವೈದ್ಯರನ್ನು ಕಾಣುವಾಗ, ಎಷ್ಟು ಸೇವಿಸಿದ್ದಾಯಿತು, ಕೊನೆಯದು ಯಾವ ತಾರೀಖಿನದು ಎಂಬುದನ್ನು ಒಂದು ಕಾಗದದಲ್ಲಿ ಬರೆದು, ಒತ್ತಡದ ಮಾತ್ರೆಗಳ ಪಟ್ಟಿಯೊಡನೆ ಮುಂದಿಡಲಿ. ಅಗತ್ಯವೆನಿಸಿದರೆ ರಕ್ತದ ಕ್ಯಾಲ್ಸಿಯಂ ಪರೀಕ್ಷೆಯನ್ನು ಅವರೇ ಬರೆದುಕೊಡುತ್ತಾರೆ.