ಬೊಂಬೆ ಕಳುಹಿಸುವುದಲ್ಲ, ವಾದಕ್ಕೆ ಕೂರುವುದು

1927ರ ಮಾರ್ಚ್‌ನಲ್ಲಿ, ಜಪಾನಿನ ಬೊಂಬೆಹಬ್ಬದ ಹೊತ್ತಿಗೆ, ಅಮೆರಿಕದ ಮಕ್ಕಳು ಅಲ್ಲಿನ ಶಾಲೆಗಳಿಗೆ 12,739 ಬೊಂಬೆಗಳನ್ನು ಉಡುಗೊರೆಯಾಗಿ ಕಳುಹಿಸಿದರು. ಒಂದೊಂದಕ್ಕೂ ಒಂದು ಹೆಸರು, ಒಂದು ಪುಟ್ಟ ಪಾಸ್‌ಪೋರ್ಟ್. ಇದರ ಹಿಂದೆ ಇದ್ದವರು ಜಪಾನಿನಲ್ಲಿ ದೀರ್ಘಕಾಲ ನೆಲೆಸಿದ್ದ ಪಾದ್ರಿ ಸಿಡ್ನಿ ಗುಲಿಕ್. ಜಪಾನ್ ಪ್ರತಿಯಾಗಿ 58 ದೊಡ್ಡ ಬೊಂಬೆಗಳನ್ನು ಕಳುಹಿಸಿತು. ಜಪಾನೀಯರ ವಲಸೆಗೆ ಅಮೆರಿಕ 1924ರಲ್ಲೇ ಕಾನೂನು ಮಾಡಿ ಬಾಗಿಲು ಹಾಕಿತ್ತು. ಮನುಷ್ಯರಿಗಿಲ್ಲದ ಪ್ರವೇಶ ಬೊಂಬೆಗಳಿಗೆ ಸಿಕ್ಕಿತು. ಮುಂದೆ ಯುದ್ಧ ಬಂದಾಗ ಶತ್ರುದೇಶದ ಬೊಂಬೆಗಳೆಂದು ಜಪಾನಿನ ಎಷ್ಟೋ ಶಾಲೆಗಳಲ್ಲಿ ಅವನ್ನು ಸುಟ್ಟರು. ಕೆಲವನ್ನು ಶಿಕ್ಷಕರು ಬಚ್ಚಿಟ್ಟರು. ಹಾಗೆ ಉಳಿದದ್ದು ಸುಮಾರು 300.

ಎರಡು ದೇಶಗಳ ಯುವಜನರ ಸ್ನೇಹದ ಬಗ್ಗೆ ಭಾಷಣ ಬಿಗಿಯುವವರು ಈ ಕಥೆಯನ್ನು ಕಣ್ಣೊದ್ದೆ ಮಾಡಿಕೊಂಡು ಹೇಳುವುದುಂಟು. ನನಗೆ ಇದಕ್ಕಿಂತ ಮುಖ್ಯ ಅನಿಸುವುದು ಏಳು ವರ್ಷಗಳ ಬಳಿಕ ನಡೆದದ್ದು. 1931ರಲ್ಲಿ ಜಪಾನ್ ಮಂಚೂರಿಯಾಕ್ಕೆ ನುಗ್ಗಿತ್ತು, 1933ರಲ್ಲಿ ರಾಷ್ಟ್ರಸಂಘದಿಂದ ಹೊರನಡೆದಿತ್ತು. ಸರ್ಕಾರಗಳ ನಡುವೆ ಮಾತು ಕಡಿಮೆಯಾಗುತ್ತಿದ್ದ ಆ ದಿನಗಳಲ್ಲಿ ಜಪಾನಿನ ನಾಲ್ವರು ವಿದ್ಯಾರ್ಥಿಗಳು ಹಡಗು ಹತ್ತಿ ಅಮೆರಿಕಕ್ಕೆ ಹೋದರು. ವಿಶ್ವವಿದ್ಯಾಲಯಗಳ ಬಾಗಿಲು ತಟ್ಟಿ, ಕುಲಪತಿಗಳ ಮನವೊಲಿಸಿ, 99 ಅಮೆರಿಕನ್ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಬಂದರು. 1934ರಲ್ಲಿ ಟೋಕಿಯೊದ ಅವೊಯಾಮಾ ಗಾಕುಯಿನ್‌ನಲ್ಲಿ ಮೊದಲ ಜಪಾನ್–ಅಮೆರಿಕ ವಿದ್ಯಾರ್ಥಿ ಸಮ್ಮೇಳನ ನಡೆಯಿತು. ಮರುವರ್ಷ ಸರದಿ ಅಮೆರಿಕದ್ದು, ಓರೆಗಾನ್‌ನ ರೀಡ್ ಕಾಲೇಜಿನಲ್ಲಿ. ಕಾರ್ಯಕ್ರಮ ರೂಪಿಸುವುದು, ಹಣ ಹೊಂದಿಸುವುದು, ಯಾವ ವಿಷಯದ ಮೇಲೆ ಜಗಳವಾಡಬೇಕೆಂದು ಗೊತ್ತುಮಾಡುವುದು, ಎಲ್ಲವೂ ವಿದ್ಯಾರ್ಥಿಗಳದ್ದೇ.

ಯುದ್ಧವೇನೂ ನಿಲ್ಲಲಿಲ್ಲ. 1940ರ ಸಮ್ಮೇಳನ ಮುಗಿದ ಮರುವರ್ಷವೇ ಪರ್ಲ್ ಹಾರ್ಬರ್ ದಾಳಿ ನಡೆಯಿತು. ಇಂಥ ವಿನಿಮಯಗಳಿಂದ ಏನು ಪ್ರಯೋಜನ ಎಂದು ಕೇಳುವವರಿಗೆ ಇದೊಂದೇ ಸಾಕು. ಆದರೆ ಅಳತೆಗೋಲೇ ತಪ್ಪು. ಇಪ್ಪತ್ತು ವರ್ಷದ ಹುಡುಗರು ಸೇನಾಧಿಕಾರಿಗಳ ಕೈ ಹಿಡಿದು ನಿಲ್ಲಿಸಲಾರರು. ಅವರಿಂದ ಆಗುವುದು, ಯುದ್ಧ ಮುಗಿದ ಮೇಲೆ ಮಾತು ಎಲ್ಲಿಂದ ಶುರು ಮಾಡಬೇಕೆಂದು ತಿಳಿದವರು ಎರಡೂ ಕಡೆ ಇರುವಂತೆ ನೋಡಿಕೊಳ್ಳುವುದು. 1939ರ ಸಮ್ಮೇಳನಕ್ಕೆ ಅಮೆರಿಕಕ್ಕೆ ಹೋದವರಲ್ಲಿ ಕಿಯಿಚಿ ಮಿಯಾಜಾವಾ ಒಬ್ಬರು. 1951ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಬಿದ್ದಾಗ ಅವರು ಜಪಾನ್ ನಿಯೋಗದ ಜೊತೆಗಿದ್ದರು. 1991ರಲ್ಲಿ ಪ್ರಧಾನಿಯಾದರು. ಸಮ್ಮೇಳನವೂ 1947ರಲ್ಲೇ ಮತ್ತೆ ಎದ್ದು ನಿಂತಿತ್ತು.

ಈಗಿನ ವಿನಿಮಯಗಳಲ್ಲಿ ಹಣವಿದೆ, ಲಾಂಛನವಿದೆ. ಜಪಾನಿನ ವಿದೇಶಾಂಗ ಸಚಿವಾಲಯದ ಕಾಕೆಹಾಶಿ ಯೋಜನೆ ಇದೆ. 2011ರ ಸುನಾಮಿಯ ಬಳಿಕ ಶುರುವಾದ ತೊಮೊದಾಚಿ ಇದೆ. ಇವು ಕೆಟ್ಟವೆಂದಲ್ಲ; ಸುನಾಮಿಯಲ್ಲಿ ಊರು ಕಳೆದುಕೊಂಡ ಮಕ್ಕಳಿಗೆ ತೊಮೊದಾಚಿ ಹೊಸ ಲೋಕ ತೋರಿಸಿದ್ದು ಸಣ್ಣ ಕೆಲಸವಲ್ಲ. ಆದರೆ ಒಂದು ವಾರ, ಹತ್ತು ದಿನದ ಪ್ರವಾಸದಲ್ಲಿ ದೇವಸ್ಥಾನ, ಕಾರ್ಖಾನೆ, ಸಚಿವಾಲಯ ಸುತ್ತಿ, ಒಂದೆರಡು ರಾತ್ರಿ ಯಾರದೋ ಮನೆಯಲ್ಲಿದ್ದು, ಫೋಟೊ ಹಾಕಿ ಮುಗಿಸುವ ವಿನಿಮಯದಲ್ಲಿ ಭಿನ್ನಾಭಿಪ್ರಾಯಕ್ಕೆ ಪುರುಸೊತ್ತೇ ಇಲ್ಲ. ಹಿರೋಶಿಮಾದ ಬಗ್ಗೆ, ಒಕಿನಾವಾದ ಸೇನಾನೆಲೆಗಳ ಬಗ್ಗೆ, ಯುದ್ಧಕಾಲದಲ್ಲಿ ಜಪಾನಿ ಮೂಲದ ಅಮೆರಿಕನ್ನರನ್ನು ಶಿಬಿರಗಳಲ್ಲಿ ಕೂಡಿಹಾಕಿದ್ದರ ಬಗ್ಗೆ ಮುಖ ಕೆಡಿಸಿಕೊಳ್ಳುವಷ್ಟು ಮಾತಾಡಿ, ಮರುದಿನ ಬೆಳಿಗ್ಗೆ ಅದೇ ಮೇಜಿಗೆ ತಿಂಡಿಗೆ ಬರಬೇಕು. ಅದಕ್ಕೆ ವಾರಗಳು ಬೇಕು, ಸಾಧ್ಯವಾದರೆ ತಿಂಗಳುಗಳು.

ವಿನಿಮಯದಲ್ಲಿ ಅಪಾಯವೂ ಇದೆ. 1992ರ ಅಕ್ಟೋಬರ್‌ನಲ್ಲಿ ನಗೋಯಾದ 16 ವರ್ಷದ ವಿನಿಮಯ ವಿದ್ಯಾರ್ಥಿಯೊಬ್ಬ ಲೂಸಿಯಾನಾದ ಬ್ಯಾಟನ್ ರೂಜ್‌ನಲ್ಲಿ ಹ್ಯಾಲೋವೀನ್ ಪಾರ್ಟಿಗೆಂದು ಹೊರಟು ತಪ್ಪು ಮನೆಯ ಕರೆಗಂಟೆ ಒತ್ತಿದ. ಮನೆಯ ಯಜಮಾನ ಗುಂಡು ಹಾರಿಸಿ ಕೊಂದ. ಜ್ಯೂರಿ ಆತನನ್ನು ಖುಲಾಸೆ ಮಾಡಿತು. ಜಪಾನಿಗೆ ಜಪಾನೇ ಸಿಡಿಮಿಡಿಗೊಂಡಿತ್ತು. ಹುಡುಗನ ತಂದೆ–ತಾಯಿ ಬಂದೂಕು ನಿಯಂತ್ರಣ ಕೋರಿ ಸುಮಾರು 17 ಲಕ್ಷ ಸಹಿ ಸಂಗ್ರಹಿಸಿ ಅಧ್ಯಕ್ಷ ಕ್ಲಿಂಟನ್ ಅವರನ್ನು ಕಂಡರು. ಜೊತೆಗೆ, ಅಮೆರಿಕದ ಹೈಸ್ಕೂಲ್ ವಿದ್ಯಾರ್ಥಿಗಳನ್ನು ಜಪಾನಿಗೆ ಕರೆಸಿ ಓದಿಸಲು ಮಗನ ಹೆಸರಿನಲ್ಲಿ ನಿಧಿ ಕಟ್ಟಿದರು. ಬಂದೂಕಿಲ್ಲದೆಯೂ ಒಂದು ಸಮಾಜ ನಡೆಯುತ್ತದೆ ಎಂದು ಆ ಮಕ್ಕಳು ಕಣ್ಣಾರೆ ನೋಡಲಿ ಎಂಬುದು ಅವರ ಆಸೆ. ಯಾವ ಸಚಿವಾಲಯದ ಯೋಜನೆಗೂ ಇಷ್ಟು ಸ್ಪಷ್ಟವಾದ ಉದ್ದೇಶ ಇರುವುದನ್ನು ನಾನು ಕಂಡಿಲ್ಲ.

ಇನ್ನು ಲೆಕ್ಕ. 1990ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಓದುತ್ತಿದ್ದ ಜಪಾನಿ ವಿದ್ಯಾರ್ಥಿಗಳು 47 ಸಾವಿರ. ಯಾವ ದೇಶದಿಂದಲೂ ಅಷ್ಟು ಜನ ಹೋಗುತ್ತಿರಲಿಲ್ಲ. ಈಗ ಅದರ ಅರ್ಧವೂ ಇಲ್ಲ. ಎರಡೂ ದಿಕ್ಕಿನ ಓಡಾಟವನ್ನು 2020ರೊಳಗೆ ದುಪ್ಪಟ್ಟು ಮಾಡುವ ಗುರಿಯನ್ನು ಸರ್ಕಾರಗಳು ಹಾಕಿಕೊಂಡಿದ್ದವು. ಕೊರೊನಾ ಬರುವ ಮುಂಚೆಯೂ ಜಪಾನಿನ ಕಡೆಯ ಸಂಖ್ಯೆ ಮೇಲೇಳಲಿಲ್ಲ. 2023–24ರಲ್ಲಿ ಮೊದಲ ಸ್ಥಾನಕ್ಕೆ ಬಂದದ್ದು ಭಾರತ, 3.31 ಲಕ್ಷ ವಿದ್ಯಾರ್ಥಿಗಳೊಂದಿಗೆ. ಆದರೆ ಬೆಂಗಳೂರಿನಿಂದ ಬ್ಯಾಂಕ್ ಸಾಲ ಮಾಡಿ ಎಂ.ಎಸ್. ಓದಲು ಹೋಗುವುದು ವಿನಿಮಯವಲ್ಲ. ಅಲ್ಲಿಂದ ಇತ್ತ ಬಂದು ಓದುವವರು ತೀರಾ ಕಡಿಮೆ.

ಜಪಾನಿ ಹುಡುಗರು ಮನೆ ಬಿಟ್ಟು ಕದಲಲೊಲ್ಲರು, ಅವರಲ್ಲಿ ಧೈರ್ಯ ಇಲ್ಲ ಎಂದು ಅಲ್ಲಿನ ಹಿರಿಯರು ಗೊಣಗುತ್ತಾರೆ. ಇದು ಸೋಮಾರಿ ವಿವರಣೆ. ಯುವಜನರ ಸಂಖ್ಯೆಯೇ ಇಳಿದಿದೆ. 2011ರಲ್ಲಿ ಡಾಲರಿಗೆ 80 ಯೆನ್ ಆಸುಪಾಸು ಇದ್ದದ್ದು 2024ರಲ್ಲಿ 160 ಮುಟ್ಟಿತು. ಕಾಲೇಜು ಒಂದು ಡಾಲರ್ ಹೆಚ್ಚಿಸದಿದ್ದರೂ ಜಪಾನಿ ತಂದೆಗೆ ಶುಲ್ಕ ಇಮ್ಮಡಿಯಾಯಿತು. ಎಲ್ಲಕ್ಕಿಂತ ದೊಡ್ಡ ಅಡ್ಡಿ ನೌಕರಿಯ ಪಂಚಾಂಗ. ದೊಡ್ಡ ಕಂಪನಿಗಳು ಹೊಸ ಪದವೀಧರರನ್ನು ಒಟ್ಟಿಗೆ ಆರಿಸಿ ಏಪ್ರಿಲ್ 1ಕ್ಕೆ ಸೇರಿಸಿಕೊಳ್ಳುತ್ತವೆ. ಅದರ ಓಡಾಟ ಪದವಿಯ ಮೂರನೇ ವರ್ಷದ ಮಾರ್ಚ್‌ನಲ್ಲಿ ಅಧಿಕೃತವಾಗಿ ಶುರು. ಬೇಗ ಎದ್ದವರು ಅದಕ್ಕೂ ಮುಂಚೆ ಸಾಲಿನಲ್ಲಿರುತ್ತಾರೆ. ಆ ಹೊತ್ತಿಗೆ ಅಮೆರಿಕದಲ್ಲಿ ಸೆಮಿಸ್ಟರ್ ನಡುಮಧ್ಯ. ಹೋದವನು ಒಂದು ವರ್ಷ ಹಿಂದುಳಿಯಬೇಕು, ಇಲ್ಲವೇ ಹೋಗಲೇಬಾರದು.

ಅಮೆರಿಕದ ಕಡೆಯಿಂದ ಅನಿಮೆ ನೋಡಿ, ಮಾಂಗಾ ಓದಿ ಬೆಳೆದವರು ಜಪಾನಿಗೆ ಹೋಗಲು ತುದಿಗಾಲಲ್ಲಿದ್ದಾರೆ. ಹೆಚ್ಚಿನವರು ಹೆಚ್ಚೆಂದರೆ ಒಂದು ಸೆಮಿಸ್ಟರ್ ಮುಗಿಸಿ ವಾಪಸ್. ಅಮೆರಿಕದೊಳಗೆ ಬರುವವರ ಪಾಡು ಬೇರೆ. 2025ರ ಮೇ ಕೊನೆಯಲ್ಲಿ ವಾಷಿಂಗ್ಟನ್ ಹೊಸ ವಿದ್ಯಾರ್ಥಿ ಮತ್ತು ವಿನಿಮಯ ವೀಸಾ ಸಂದರ್ಶನಗಳನ್ನು ಕೆಲವು ವಾರ ನಿಲ್ಲಿಸಿತು. ಮತ್ತೆ ತೆರೆದಾಗ ಅರ್ಜಿದಾರರು ತಮ್ಮ ಸಾಮಾಜಿಕ ಜಾಲತಾಣದ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ಇಡಬೇಕೆಂದಿತು. ಅಭಿಪ್ರಾಯ ಬರೆದರೆ ವೀಸಾ ಹೋಗಬಹುದೆಂದು ಹೆದರಿ ಬರುವ ವಿದ್ಯಾರ್ಥಿ ಅಲ್ಲಿ ಹೋಗಿ ಏನು ವಾದಿಸಿಯಾನು?

ಟೋಕಿಯೊ ಮತ್ತು ವಾಷಿಂಗ್ಟನ್ ಮತ್ತೊಂದು ಸ್ನೇಹಯಾತ್ರೆಗೆ ಹಣ ಸುರಿಯುವ ಮುಂಚೆ ಮಾಡಬೇಕಾದ್ದು ಬೇರೆಯೇ ಇದೆ. ಜಪಾನಿನ ಕಂಪನಿಗಳು ವಿದೇಶದಿಂದ ಮರಳಿದವರಿಗೆ ವರ್ಷದ ಯಾವ ತಿಂಗಳಲ್ಲಾದರೂ ಬಾಗಿಲು ತೆರೆಯಲಿ. ಎರಡೂ ಕಡೆಯ ವಿಶ್ವವಿದ್ಯಾಲಯಗಳು ಪರಸ್ಪರರ ಪಾಠಗಳಿಗೆ ತಕರಾರಿಲ್ಲದೆ ಕ್ರೆಡಿಟ್ ಕೊಡಲಿ. ಹತ್ತು ದಿನಕ್ಕೆ ನೂರು ಜನರನ್ನು ಕಳುಹಿಸುವ ದುಡ್ಡಿನಲ್ಲಿ ಕೆಲವರನ್ನಾದರೂ ಒಂದಿಡೀ ವರ್ಷ ಇರಿಸಲಿ, ಅವರು ಚರ್ಚಿಸುವ ವಿಷಯಗಳ ಪಟ್ಟಿಯನ್ನು ಅವರಿಗೇ ಬಿಡಲಿ.