ಕ್ರಿಮಿನಾಲಜಿ ಓದಿದವರಿಗೆ ಮುಂದೇನ್ರಿ?

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರದ ಸ್ನಾತಕೋತ್ತರ ವಿಭಾಗವಿದೆ. 2023ರ ಜನವರಿಯಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ಸಿಗೂ ಇಲ್ಲಿ ಅಡಿಗಲ್ಲು ಬಿತ್ತು. ಆದರೂ ಬಿ.ಎ.ಯಲ್ಲಿ ಕ್ರಿಮಿನಾಲಜಿ ಓದಿದ ಹುಡುಗನನ್ನು 'ಮುಂದೇನಪಾ?' ಅಂತ ಕೇಳಿ ನೋಡಿ. 'ಪೊಲೀಸ್ ಪರೀಕ್ಷೆ ಬರೀಬೇಕ್ರಿ' ಅಂತಾನೆ. ಅಷ್ಟೇ.

2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧ ನಡೆದಲ್ಲಿಗೆ ವಿಧಿವಿಜ್ಞಾನ ತಜ್ಞರು ಹೋಗಬೇಕು. ವ್ಯವಸ್ಥೆ ಮಾಡಿಕೊಳ್ಳಲು ರಾಜ್ಯಗಳಿಗೆ ಐದು ವರ್ಷದ ಗಡುವು. ಕೆಲಸವೇನೋ ಹುಟ್ಟಿತು, ಆದರೆ ಅದಕ್ಕೆ ಬೇಕಾದ್ದು ವಿಜ್ಞಾನದ ಪದವಿ. ಕಲಾ ವಿಭಾಗದವರಿಗೆ ಈ ಮಾತನ್ನು ಮೊದಲ ದಿನವೇ ಹೇಳಬೇಕು.

ಹಾಗಂತ ಅವರಿಗೆ ದಾರಿಯೇ ಇಲ್ಲವೆಂದಲ್ಲ. ಎಂ.ಎ. ಮಾಡಿದರೆ ಯುಜಿಸಿ ನೆಟ್ ಪರೀಕ್ಷೆಯಲ್ಲಿ ಅಪರಾಧಶಾಸ್ತ್ರವೂ ಒಂದು ವಿಷಯ. ಊರಲ್ಲೇ ಕೇಂದ್ರ ಕಾರಾಗೃಹವಿದೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ರಜೆಯಲ್ಲಿ ಒಂದು ತಿಂಗಳು ಅಲ್ಲಿ ಕೆಲಸ ಕಲಿಸಿದರೆ ಬೊಕ್ಕಸವೇನೂ ಬರಿದಾಗದು. 2024ರಲ್ಲಿ ರಾಜ್ಯ ನಾಲ್ಕು ವರ್ಷದ ಆನರ್ಸ್ ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿದ ಮೇಲಂತೂ ಕಲಿಯೋಕೆ ಸಿಗುವ ಕಾಲವೇ ಕಡಿಮೆ.

ಜೈಲಿನ ಬಾಗಿಲು ಕಾಣದೆ ಜೈಲು ಸುಧಾರಣೆಯ ಬಗ್ಗೆ ಪರೀಕ್ಷೆ ಬರೆದರೆ ಅದು ಪುಸ್ತಕದ ಬದನೆಕಾಯಿ. ಪ್ರಾಂಶುಪಾಲರು, ಕಾರಾಗೃಹ ಅಧಿಕಾರಿಗಳು ಒಂದು ದಿನ ಕೂತು ಮಾತಾಡುವರೇ?