ಗ್ವಾಡಿಗೆ ವಾರ್ನಿಶ್ ಹೊಡಿಯೂದು ನಾ ಒಲ್ಲೆ

ದೀಪಾವಳಿ ಹತ್ರ ಬಂತಂದ್ರ ನಮ್ಮ ಸಾವಳಗಿ ಓಣ್ಯಾಗ ಪೇಂಟಿನವರ ತಿರುಗಾಟ ಚಾಲೂ ಆಗ್ತೈತಿ. ಈಗೀಗ ಅವರ ಕೈಯಾಗ ಹೊಸ ಡಬ್ಬಿ ಒಂದು ಇರ್ತೈತಿ, ಕಲ್ಲಿನ ಗ್ವಾಡಿಗೆ ಹಚ್ಚೂ ಸೀಲರ್. "ಒಂದ್ ಸಲ ಹೊಡೀರಿ ಅಕ್ಕಾರ, ಕಲ್ಲು ಮಿಂಚತಾವ, ಹಸಿ ಬರಾಂಗಿಲ್ಲ" ಅಂತಾರ. ನನ್ನ ಮಗನೂ ಮೊಬೈಲಿನಾಗ ಯಾವುದೋ ರೆಸಾರ್ಟಿನ ಫೋಟೋ ತೋರಿಸಿ, ನಮ್ಮ ಪಡಸಾಲಿನೂ ಹಿಂಗ ಮಾಡಸೂಣು ಅಂತ ಗಂಟು ಬಿದ್ದಾನ. ನಾ ಒಲ್ಲೆ ಅಂದೀನಿ. ಯಾಕ ಅಂತ ಮನ್ಯಾಗ ಹೇಳಿದ್ರ ಯಾರೂ ಪೂರ್ತಿ ಕೇಳಾಂಗಿಲ್ಲ, ಅದಕ್ಕ ಇಲ್ಲಿ ಬರೀಲಾಕತ್ತೀನಿ.

ನಮ್ಮದು ಮಾವನವರ ಅಪ್ಪ ಕಟ್ಟಿಸಿದ ಮನಿ. ಮುಂದ ದಪ್ಪ ಕರಿಕಲ್ಲಿನ ಗ್ವಾಡಿ, ಸಂದಿಗೆ ಮಣ್ಣು. ಹಿಂದ ಅಡಗಿಮನಿ ಊರ ಇಟ್ಟಂಗೀದು. ಈಗಿನ ಮನಿಗೆ ಬುಡದಾಗ ಹಸಿ ತಡಿಯೂ ಪದರ ಹಾಕ್ತಾರ, ಆಗ ಅದೆಲ್ಲಿ ಬರಬೇಕು? ಎರಿ ಭೂಮಿ ನೀರು ಹಿಡಕೊಂಡು ಕುಂದರ್ತೈತಿ. ಮಳಿಗಾಲದಾಗ ಆ ಹಸಿ ಗ್ವಾಡಿ ಏರ್ತೈತಿ, ಬ್ಯಾಸಗ್ಯಾಗ ಸಂದಿನ್ಯಾಗಿಂದ ಆರಿ ಹೊರಗ ಹೋಗ್ತೈತಿ. ಇಷ್ಟ ವರ್ಷ ಮನಿ ನಿಂತದ್ದು ಹಿಂಗ.

ಇದನ್ನ ತಿಳಕೊಳ್ಳಾಕ ಎಂಜಿನಿಯರ್ ಬೇಕಾಗಿಲ್ಲ. ಕಬ್ಬಿಗೆ ನೀರು ಹೆಚ್ಚಾಗಿ ಸವಳಾದ ಹೊಲ ನಮ್ಮ ಕಡೆ ಯಾರು ನೋಡಿಲ್ಲ? ನೀರು ಮ್ಯಾಲೆ ಬಂದು ಆರ್ತೈತಿ, ಉಪ್ಪು ಬೆಳ್ಳಗ ಅಲ್ಲೇ ಉಳೀತೈತಿ. ಗ್ವಾಡ್ಯಾಗೂ ಅದ ನಡಿಯೂದು. ಮಿಂಚೂ ಪದರ ಹೊಡದ್ರ ಉಪ್ಪು ಅದರ ಹಿಂದ ಹರಳಗಟ್ಟಿ ಇಟ್ಟಂಗಿ ಮಾರಿನ ಕಿತ್ತು ಒಗೀತೈತಿ.

ಬನಹಟ್ಟ್ಯಾಗ ನನ್ನ ತಂಗಿ ಮಗ್ಗದ ಕೋಣಿಗೆ ಹೊಡಿಸಿದ್ಲು. ಮೊದಲನೇ ವರ್ಷ ಬಂದವರೆಲ್ಲಾ ಹೊಗಳಿದ್ರು. ಎರಡನೇ ಮಳಿಗಾಲಕ್ಕ ಬುಡದಾಗ ಬೊಬ್ಬಿ ಎದ್ದು. ಈಗ ದಿನಾ ಮುಂಜಾನೆ ಒಂದು ಮೊರ ಕೆಂಪು ಪುಡಿ ಬಳೀತಾಳ, ನೂಲಿನ ಮ್ಯಾಲೂ ಅದ ಧೂಳ. ಹೊಡದವ ಫೋನ್ ಎತ್ತಾಂಗಿಲ್ಲ.

ಪದರ ಕಟ್ಟದ, ಒಳಗ ಹೀರಿಕೊಂಡು ಆವಿ ಹೊರಗ ಬಿಡೂ ಸೀಲರೂ ಅದಾವ, ಖರೆ. ಸಿಲೇನ್, ಸಿಲಾಕ್ಸೇನ್ ಅಂತ ಡಬ್ಬಿ ಮ್ಯಾಲ ಇರ್ತೈತಿ. ಅವು ಹೊರಗಿನ ಮಳಿಗೆ. ಬುಡದಿಂದ ಏರೂ ಹಸಿಗೆ ಅಲ್ಲ. ನಂಬಿಕಿ ಇಲ್ಲಂದ್ರ ಒಂದು ಪ್ಲಾಸ್ಟಿಕ್ ಹಾಳಿ ಗ್ವಾಡಿಗೆ ಹಚ್ಚಿ ನಾಕೂ ಕಡೆ ಟೇಪ್ ಬಡೀರಿ. ಎರಡು ದಿನ ಬಿಟ್ಟು ಗ್ವಾಡಿ ಕಡಿ ಹನಿ ಕಂಡ್ರ ಡಬ್ಬಿಯವನಿಗೆ ಚಹಾ ಕುಡಿಸಿ ಕಳಿಸ್ರಿ.

ಮಣ್ಣು ಉದರೂದು ನಂಗ ಗೊತ್ತಿಲ್ಲೇನು? ರೊಟ್ಟಿ ಹಿಟ್ಟಿನಾಗ ಹಳ್ಳು ಸಿಕ್ಕಾವ, ಸಂದಿನ್ಯಾಗ ಚೇಳು ಸಿಕ್ಕಾವ. ಕಸಾ ಹೊಡಿಯಾಕಿ ನಾನ, ಫೋಟೋದವರಲ್ಲ. ಅದಕ್ಕ ಮದ್ದು ಸಂದು ತುಂಬೂದು, ಅದೂ ಸುಣ್ಣದ ಗಾರಿಲೆ. ಸಿಮೆಂಟ್ ಇಟ್ಟಂಗಿಗಿಂತ ಗಟ್ಟಿ. ಹಸಿ ಸಂದು ಬಿಟ್ಟು ಇಟ್ಟಂಗಿ ಹಿಡೀತೈತಿ, ಸವೆಯೂದು ಅದ. ವಿಜಯಪುರದ ಗೋಳಗುಮ್ಮಟ 1656ರ ಸುಮಾರಿಗೆ ಸುಣ್ಣದ ಗಚ್ಚಿನಾಗ ಎದ್ದದ್ದು. ಆದ್ರ ನಮ್ಮ ಓಣ್ಯಾಗ ಸುಣ್ಣ ಅಂದ್ರ ಬಡವರದು ಅಂತ ನಗ್ತಾರ.

ಹೋದ ತಿಂಗಳ ವಯಸ್ಸಾದ ಗೌಂಡಿ ಒಬ್ಬರನ್ನ ಕರಿಸಿದೆ. ಸಡಲ ಮಣ್ಣು ಕೆದರಿ, ಸಂದಿಗೆ ನೀರು ಚಿಮುಕಿಸಿ, ಸುಣ್ಣ ಉಸುಕು ತುಂಬಿದ್ರು. ಪನಾಳಿ ನೀರು ಬುಡಕ್ಕ ಬೀಳ್ತಿತ್ತು, ಅದನ್ನೂ ದೂರ ತಿರುವಿದ್ರು. ವಾರಗಟ್ಟಲೆ ಹಸಿ ಗೋಣಿತಟ್ಟು ಹೊಚ್ಚಿ ಇಡಬೇಕಾಯ್ತು. ನೀರು ಹೊತ್ತಾವ ಮಗನ, ಗೊಣಗಿಕೋತ. ರೆಸಾರ್ಟಿನ ಫೋಟೋ ಇನ್ನೂ ಅವನ ಮೊಬೈಲಿನಾಗ ಐತಿ.